ಜೀನ್ ತಿದ್ದುವ ಮೊದಲು ಜೀನ್ ನೋಡಿ

2018ರ ನವೆಂಬರ್‌ನಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾಂಕುಯಿ, ಭ್ರೂಣದಲ್ಲೇ ಸಿಸಿಆರ್5 ಜೀನನ್ನು ತಿದ್ದಿ ಎಚ್‌ಐವಿ ತಾಗದ ಅವಳಿ ಹೆಣ್ಣುಮಕ್ಕಳನ್ನು ಹುಟ್ಟಿಸಿದ್ದೇನೆಂದು ಸಾರಿದ. ಮರುವರ್ಷ ಅವನಿಗೆ ಮೂರು ವರ್ಷ ಜೈಲಾಯಿತು. ಅವಸರ ತಪ್ಪು, ಉದ್ದೇಶ ಒಳ್ಳೆಯದೇ ಎನ್ನುವವರು ಇನ್ನೂ ಇದ್ದಾರೆ. ನನ್ನ ತಕರಾರು ಆ ಉದ್ದೇಶದ ಮೇಲೆಯೇ.

ಸೋಂಕಿದ್ದದ್ದು ತಂದೆಗೆ, ವೀರ್ಯ ತೊಳೆದು ಗರ್ಭ ಕಟ್ಟಿಸಿದರೆ ಸಾಕಿತ್ತು, ಅದನ್ನೂ ಅವನು ಮಾಡಿದ್ದ. ಮತ್ತೆ ಜೀನಿಗೆ ಕತ್ತರಿ ಯಾಕೆ? ತಾಯಿಗೆ ಸೋಂಕಿದ್ದರೂ ಕತ್ತರಿ ಬೇಕಿಲ್ಲ: ಸೊರಟೂರಿನ ಸೋಂಕಿತ ಗರ್ಭಿಣಿಯೊಬ್ಬಳು ಗದಗದಿಂದ ತಂದ ಮಾತ್ರೆಯನ್ನು ತಪ್ಪದೆ ನುಂಗಿದರೆ ಮಗುವಿಗೆ ಸೋಂಕು ದಾಟುವ ಸಾಧ್ಯತೆ ನೂರಕ್ಕೆ ಒಂದೆರಡಕ್ಕೆ ಇಳಿಯುತ್ತದೆ. ಸರಕಾರ ಈ ಔಷಧವನ್ನು ಪುಕ್ಕಟೆ ಕೊಡತೊಡಗಿದ್ದು 2004ರಲ್ಲಿ.

ಸೋಂಕು ತಡೆಯುವ ಜೀನು ಹುಟ್ಟಿನಿಂದಲೇ ಇರುವವರೂ ಇದ್ದಾರೆ. ಸಿಸಿಆರ್5ನ 32 ಅಕ್ಷರ ಬಿಟ್ಟುಹೋದ ಜೀನು ತಂದೆ ತಾಯಿ ಇಬ್ಬರಿಂದಲೂ ಬಂದವರು ಉತ್ತರ ಯುರೋಪಿನಲ್ಲಿ ನೂರಕ್ಕೊಬ್ಬರು. ವೈರಸ್‌ನ ಹೆಚ್ಚಿನ ತಳಿಗಳು ಅವರ ಜೀವಕೋಶದೊಳಗೆ ನುಗ್ಗಲಾರವು. ನಮ್ಮಲ್ಲಿ ಅದು ಇಲ್ಲವೆನ್ನುವಷ್ಟು ವಿರಳ. ನಮ್ಮಲ್ಲಿ ಇರುವುದು ಎಚ್‌ಎಲ್‌ಎ-ಬಿ57. ಸೋಂಕಿದ ಕೋಶದೊಳಗಿನ ವೈರಸ್ ತುಣುಕನ್ನು ಹೊರಮೈಗೆ ತಂದು ಕಾವಲು ಕೋಶಗಳಿಗೆ ತೋರಿಸುವ ಪ್ರೋಟೀನು ಇದು. ಬಿ57 ಎತ್ತಿ ತೋರಿಸುವ ತುಣುಕುಗಳನ್ನು ಬದಲಿಸಿಕೊಳ್ಳಹೋದರೆ ವೈರಸ್ಸೇ ಬಡಕಲಾಗುತ್ತದೆ. ಔಷಧವಿಲ್ಲದೆ ಸೋಂಕು ಹತ್ತಿಕ್ಕಿದವರಲ್ಲಿ ಈ ಬಗೆ ಹೆಚ್ಚೆಂದು 2010ರ ಅಂತರರಾಷ್ಟ್ರೀಯ ಅಧ್ಯಯನ ತೋರಿಸಿತು. "ನನ್ನ ರಕ್ತ ಗಟ್ಟಿ ಐತಿ, ಗುಳಿಗಿ ಯಾಕ" ಎನ್ನುವವರು ಇದಕ್ಕೆ ಹಿಗ್ಗಬೇಕಿಲ್ಲ. ಹಾಗೆ ಹತ್ತಿಕ್ಕಬಲ್ಲವರು ನೂರಕ್ಕೊಬ್ಬರೂ ಸಿಗುವುದಿಲ್ಲ. ಬಿ57 ಇದ್ದವರಲ್ಲೂ ಬಹುತೇಕರಿಗೆ ಗುಳಿಗೆ ಬೇಕೇ ಬೇಕು.

ಇದೇ ಜೀನಿಗೆ ಇನ್ನೊಂದು ಮುಖವಿದೆ, ಅದರ ಸುದ್ದಿಯನ್ನೇ ಯಾರೂ ಎತ್ತುವುದಿಲ್ಲ. ಬಿ57ರ ಒಂದು ಬಗೆಯಾದ ಬಿ57:01 ಇದ್ದವರಲ್ಲಿ ಹೆಚ್ಚುಕಮ್ಮಿ ಅರ್ಧ ಜನಕ್ಕೆ ಎಚ್‌ಐವಿ ಔಷಧ ಅಬಾಕವಿರ್ ಒಗ್ಗುವುದಿಲ್ಲ. ಮೊದಲ ಆರು ವಾರದೊಳಗೆ ಜ್ವರ, ದದ್ದು, ವಾಂತಿ. ನಿಲ್ಲಿಸಿ ಮತ್ತೆ ಕೊಟ್ಟರೆ ಜೀವಕ್ಕೇ ಸಂಚಕಾರ. ಭಾರತೀಯರಲ್ಲಿ ಈ ಬಗೆ ಅಪರೂಪವಲ್ಲ, ಮತ್ತು ನಮ್ಮ ಚಿಕ್ಕ ಮಕ್ಕಳ ಚಿಕಿತ್ಸೆಯಲ್ಲಿ ಅಬಾಕವಿರ್ ಬಳಕೆಯಲ್ಲಿದೆ. ಮೊದಲೇ ಜೀನ್ ಪರೀಕ್ಷೆ ಮಾಡಿದರೆ ಈ ಅಪಾಯ ತಪ್ಪುತ್ತದೆಂದು 2008ರಲ್ಲೇ ಸಾಬೀತಾಗಿದೆ. ಶ್ರೀಮಂತ ದೇಶಗಳ ವೈದ್ಯರು ಅದಿಲ್ಲದೆ ಆ ಔಷಧ ಬರೆಯುವುದಿಲ್ಲ. ನಮ್ಮಲ್ಲಿ ಅದು ಕಡ್ಡಾಯವಲ್ಲ. ಮಗುವಿನ ಮೈಮೇಲೆ ದದ್ದೇಳುತ್ತದೋ ಎಂದು ತಾಯಿಯೇ ಕಣ್ಣಿಟ್ಟು ಕೂರಬೇಕು.

ಜೀವಮಾನಕ್ಕೆ ಒಮ್ಮೆ ಮಾಡಿದರೆ ಸಾಕಾಗುವ ಪರೀಕ್ಷೆ ಅದು. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಅಳೆಯಲು ರಕ್ತವನ್ನು ದೂರದ ಪ್ರಯೋಗಾಲಯಕ್ಕೆ ಕಳಿಸುವ ವ್ಯವಸ್ಥೆ ಇದ್ದೇ ಇದೆ. ಅದೇ ಡಬ್ಬಿಯಲ್ಲಿ ಇನ್ನೊಂದು ಸೀಸೆ ಹಿಡಿಸುವುದಿಲ್ಲವೇ?