ಹಾರುವ ಮೊದಲು ನೆಲವನ್ನು ನೋಡಿರಿ

ನಮ್ಮ ಕಾಖಂಡಕಿಯಲ್ಲಿ ಕಾರಹುಣ್ಣಿಮೆಯ ಕರಿಯನ್ನು ಕಂಡವರು ಒಂದು ಸಂಗತಿಯನ್ನು ಗಮನಿಸಿರಬೇಕು. ಹೋರಿಯು ಬೆದರಿ ಓಡಿಬರುವ ಹೊತ್ತಿಗೆ ಅನುಭವಸ್ಥರು ತಾವು ನಿಲ್ಲುವ ಜಾಗವನ್ನು ಆಗಲೇ ಗೊತ್ತುಮಾಡಿಕೊಂಡಿರುತ್ತಾರೆ. ಹಿಂದೆ ಕಟ್ಟೆಯಿದೆಯೇ, ಪಕ್ಕದ ಓಣಿ ತೆರವಾಗಿದೆಯೇ, ಮಾಳಿಗೆಯ ಮೆಟ್ಟಿಲು ಎಷ್ಟು ದೂರ ಎಂಬುದೆಲ್ಲ ಅವರಿಗೆ ತಿಳಿದಿರುತ್ತದೆ. ಧೈರ್ಯವು ಅಲ್ಲಿ ಬಹುಮಂದಿಗೆ ಇರುತ್ತದೆ. ನೆಲದ ಪರಿಚಯ ಕೆಲವರಿಗೆ ಮಾತ್ರ.

ಉನ್ನತ ವ್ಯಾಸಂಗಕ್ಕಾಗಿ ವಿದೇಶಕ್ಕೆ ತೆರಳಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಪತ್ರವನ್ನು ಓದಿದಾಗ ಈ ದೃಶ್ಯವು ನೆನಪಾಯಿತು. ಆತನು ಸಮುದ್ರತೀರದ ಮೈದಾನವೊಂದರಲ್ಲಿ ವಿಮಾನದಿಂದ ಧುಮುಕುವ ಕ್ರೀಡೆಯನ್ನು, ಅಂದರೆ ಸ್ಕೈಡೈವಿಂಗನ್ನು, ಕಲಿತು ಒಂಟಿಯಾಗಿ ಹಾರುವ ಅನುಮತಿಯನ್ನೂ ಪಡೆದಿದ್ದಾನೆ. ಬೇಸಗೆಯ ರಜೆಯಲ್ಲಿ ಪ್ರವಾಸ ಹೊರಡುವವನಿದ್ದಾನೆ. ಸ್ಪೇನಿನ ಎಂಪೂರಿಯಾಬ್ರಾವಾ, ಅಮೆರಿಕದ ಅರಿಜೋನಾ ಪ್ರಾಂತದ ಈಲಾಯ್, ಕೊಲರಾಡೋ ಪ್ರಾಂತದ ಲಾಂಗ್‌ಮಾಂಟ್ ಎಂಬ ಮೂರು ಮೈದಾನಗಳನ್ನು ಹೆಸರಿಸಿ, "ಇವುಗಳಲ್ಲಿ ಯಾವುದರ ನೋಟ ಚೆನ್ನ?" ಎಂದು ಕೇಳಿದ್ದಾನೆ. ಪ್ರಶ್ನೆಯೇ ತಪ್ಪೆಂದು ನಮ್ಮ ಅಭಿಪ್ರಾಯ. ಇಳಿಯುವ ಮೈದಾನವನ್ನು ಆರಿಸಬೇಕಾದುದು ಕಣ್ಣಿಗೆ ಕಾಣುವ ಬೆಟ್ಟದಿಂದಲ್ಲ, ಕಣ್ಣಿಗೆ ಕಾಣದ ಗಾಳಿಯಿಂದ.

ಏಕೆಂಬುದನ್ನು ವಿಚಾರಿಸೋಣ. ಬೀಳುವ ವಸ್ತುವಿನ ವೇಗವು ಹೆಚ್ಚಿದಂತೆ ವಾಯುರೋಧವೂ ಹೆಚ್ಚುತ್ತದೆ. ಅದು ತೂಕಕ್ಕೆ ಸಮನಾದಾಗ ವೇಗವು ಸ್ಥಿರವಾಗುತ್ತದೆ. ಇದೇ ಅಂತ್ಯವೇಗ. ಹೊಟ್ಟೆ ಕೆಳಗೆ ಮಾಡಿ ಬೀಳುವ ಮನುಷ್ಯನಿಗೆ ಇದು ಗಂಟೆಗೆ ಸುಮಾರು 200 ಕಿಲೋಮೀಟರು. ನಮ್ಮ ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರು. ಈ ವೇಗದಲ್ಲಿ ಅಷ್ಟು ಎತ್ತರವನ್ನು ದಾಟಲು ಒಂದು ಸೆಕೆಂಡು ಸಾಕು. ಪ್ಯಾರಾಷೂಟು ಬಿಚ್ಚಿದ ಮೇಲೆ ವೇಗವು ಬಹಳವಾಗಿ ಇಳಿಯುತ್ತದೆ. ಆದರೆ ಆಗಲೂ ನಿಯಮವು ಒಂದೇ: ವೇಗವು ಗಾಳಿಯ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಗಾಳಿ ತೆಳುವಾದರೆ ಅದೇ ಕೊಡೆ ಅದೇ ಮನುಷ್ಯನನ್ನು ಹೆಚ್ಚು ವೇಗವಾಗಿ ನೆಲಕ್ಕೆ ತರುತ್ತದೆ.

ಗಾಳಿಯನ್ನು ತೆಳುವಾಗಿಸುವ ಕಾರಣಗಳು ಮುಖ್ಯವಾಗಿ ಎರಡು: ಎತ್ತರ ಮತ್ತು ಶಾಖ. ಲಾಂಗ್‌ಮಾಂಟ್ ಸಮುದ್ರಮಟ್ಟದಿಂದ ಸುಮಾರು 1,500 ಮೀಟರು ಎತ್ತರದಲ್ಲಿದೆ. ಅಲ್ಲಿ 35 ಡಿಗ್ರಿ ಸೆಂಟಿಗ್ರೇಡ್ ಶಾಖವಿರುವ ಮಧ್ಯಾಹ್ನವನ್ನು, 15 ಡಿಗ್ರಿಯ ಸಮುದ್ರತೀರದೊಡನೆ ಹೋಲಿಸಿ ಲೆಕ್ಕಮಾಡಿದರೆ, ಇಳಿಯುವ ವೇಗವು ಶೇಕಡಾ 13ರಷ್ಟು ಹೆಚ್ಚೆಂದು ಕಾಣುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ಕಾಲಿನ ಮೂಳೆಗಳು ಲೆಕ್ಕಕ್ಕೆ ಹಿಡಿಯುವುದು ವೇಗವನ್ನಲ್ಲ, ಚಲನಶಕ್ತಿಯನ್ನು. ಅದು ವೇಗದ ವರ್ಗಕ್ಕೆ ಅನುಸಾರವಾಗಿ ಶೇಕಡಾ 28ರಷ್ಟು ಏರುತ್ತದೆ. ನೆಲವು ಹತ್ತಿರವಾದಾಗ ಕೊಡೆಯ ಹಗ್ಗವನ್ನು ಯಾವ ಕ್ಷಣದಲ್ಲಿ ಎಳೆಯಬೇಕೆಂಬ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಯ ಕೈಗಳು ಕಲಿತುದು ಕಡಲತೀರದ ದಟ್ಟ ಗಾಳಿಯಲ್ಲಿ. ಹೊಸ ಮೈದಾನದಲ್ಲಿ ಆ ಅಭ್ಯಾಸವೇ ಅವನನ್ನು ಮೋಸಗೊಳಿಸೀತು. ಇದಕ್ಕೆ ಪರಿಹಾರವಿಲ್ಲದಿಲ್ಲ: ಇನ್ನೂ ದೊಡ್ಡ ಕೊಡೆಯನ್ನು ಕೇಳಿ ಪಡೆಯಬೇಕು. 2008ರಲ್ಲಿ ಎವರೆಸ್ಟಿನ ಬಳಿ ಧುಮುಕಿ, 3,700 ಮೀಟರಿಗೂ ಎತ್ತರದ ಸ್ಯಾಂಗ್‌ಬೋಚೆಯಲ್ಲಿ ಇಳಿದವರು ದೊಡ್ಡ ಕೊಡೆಗಳನ್ನೇ ಬಳಸಿದರು.

ಇದು ಪರದೇಶದ ಬೆಟ್ಟಗಳಿಗೆ ಮಾತ್ರ ಸಂಬಂಧಿಸಿದುದೆಂದು ವಾಚಕರು ತಿಳಿಯಬಾರದು. ವಿಜಯಪುರದ ನೆಲವು ಸುಮಾರು 600 ಮೀಟರು ಎತ್ತರದಲ್ಲಿದೆ. ಏಪ್ರಿಲ್ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಇಲ್ಲಿಯ ಗಾಳಿಯು, ಸಾಮಾನ್ಯ ಸ್ಥಿತಿಯಲ್ಲಿ ಸುಮಾರು 1,600 ಮೀಟರು ಎತ್ತರದಲ್ಲಿರುವ ಗಾಳಿಯಷ್ಟು ತೆಳುವಾಗಿರುತ್ತದೆ. ಬಿಸಿಲು ನಮ್ಮ ಬಯಲನ್ನು 1,000 ಮೀಟರು ಮೇಲಕ್ಕೆತ್ತಿದಂತಾಯಿತು!

ಈಲಾಯ್ ಮರುಭೂಮಿಯ ಬಯಲು. ಇಳಿಯಲು ವಿಶಾಲವಾದ ಸ್ಥಳವುಂಟು. ಆದರೆ ಕಾದ ನೆಲದ ಮೇಲೆ ನಡುಹಗಲಿನಲ್ಲಿ ಸುಳಿಗಾಳಿ ಏಳುತ್ತದೆ. ಎರೆಹೊಲದಲ್ಲಿ ಬೇಸಗೆಯ ಧೂಳು ಕಂಬದಂತೆ ಎದ್ದು ನಡೆಯುವುದನ್ನು ಕಂಡ ನಮ್ಮ ಹುಡುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂತಹ ಕಡೆ ಬೆಳಗಿನ ಹೊತ್ತೇ ಲೇಸು. ಎಂಪೂರಿಯಾಬ್ರಾವಾದಲ್ಲಿ ಗಾಳಿ ದಟ್ಟವಾಗಿದೆ ನಿಜ. ಆದರೆ ಪಕ್ಕದಲ್ಲಿ ಸಮುದ್ರವಿದೆ, ಉತ್ತರದಿಂದ ಬೀಸುವ ತ್ರಾಮುಂತಾನಾ ಎಂಬ ಬಿರುಗಾಳಿಯೂ ಇದೆ. ಗಾಳಿಯ ವೇಗವು ಇಮ್ಮಡಿಯಾದರೆ ಅದರ ಒತ್ತಡವು ನಾಲ್ಮಡಿಯಾಗುತ್ತದೆ. ಅಮೆರಿಕದ ಪ್ಯಾರಾಷೂಟ್ ಸಂಘವು ಒಂಟಿಯಾಗಿ ಹಾರುವ ಶಿಕ್ಷಾರ್ಥಿಗಳಿಗೆ ನೆಲದ ಗಾಳಿ ಗಂಟೆಗೆ 14 ಮೈಲಿ, ಅಂದರೆ ಸುಮಾರು 22 ಕಿಲೋಮೀಟರನ್ನು ಮೀರಬಾರದೆಂದು ವಿಧಿಸಿರುವುದು ಸುಮ್ಮನೆ ಅಲ್ಲ.

ಇನ್ನೊಂದು ಸೂಕ್ಷ್ಮವುಂಟು. ಧುಮುಕುವವನು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಎತ್ತರಮಾಪಕವು ವಾಸ್ತವವಾಗಿ ಒಂದು ವಾಯುಭಾರಮಾಪಕ. ವಿಮಾನವು ಏರುವ ನೆಲದಲ್ಲಿ ಅದನ್ನು ಸೊನ್ನೆಗೆ ಇಡುತ್ತಾರೆ. ಇಳಿಯುವ ನೆಲವು ಅದಕ್ಕಿಂತ 100 ಮೀಟರು ಎತ್ತರದಲ್ಲಿದ್ದರೆ, ಕಾಲು ನೆಲಕ್ಕೆ ತಗಲಿದಾಗಲೂ ಮುಳ್ಳು 100 ಮೀಟರನ್ನೇ ತೋರಿಸುತ್ತಿರುತ್ತದೆ. ಸಮಯ ಮೀರಿದಾಗ ತಾನಾಗಿಯೇ ಮೀಸಲು ಕೊಡೆಯನ್ನು ಬಿಚ್ಚುವ ಯಂತ್ರವೂ ಇದೇ ವಾಯುಭಾರವನ್ನು ನಂಬಿರುವುದು. ಆದುದರಿಂದ ಎರಡು ನೆಲಗಳ ಎತ್ತರವನ್ನು ಕೇಳಿ ತಿಳಿದು, ವ್ಯತ್ಯಾಸವಿದ್ದರೆ ಎರಡನ್ನೂ ಸರಿಪಡಿಸಿಕೊಂಡೇ ವಿಮಾನವನ್ನೇರಬೇಕು.

"ಇದನ್ನೆಲ್ಲ ಮೈದಾನದವರೇ ನೋಡಿಕೊಳ್ಳುವುದಿಲ್ಲವೇ?" ಎಂದು ಕೆಲವರು ಕೇಳಬಹುದು. ಗುರುವಿನ ಮೈಗೆ ಬಿಗಿದುಕೊಂಡು ಹಾರುವವನ ಮಟ್ಟಿಗೆ ಈ ಮಾತು ಬಹುಮಟ್ಟಿಗೆ ಸರಿ. ಒಂಟಿಯಾಗಿ ಹಾರುವವನ ಮಟ್ಟಿಗೆ ಸರಿಯಲ್ಲ. ಅವರಿಗೆ ತಮ್ಮ ನೆಲ ಗೊತ್ತು; ಇವನ ಕೈಯ ಅಭ್ಯಾಸ ಗೊತ್ತಿಲ್ಲ. ಅದನ್ನು ಹೇಳಬೇಕಾದವನು ಇವನೇ. ಅದಲ್ಲದೆ ಪ್ರವಾಸಿಗೆ ಸ್ಥಳೀಯನಿಗಿಲ್ಲದ ಶತ್ರುವೊಂದುಂಟು: ಕಾಲದ ಅಭಾವ. ಹಣ ಕಟ್ಟಿಯಾಗಿದೆ, ನಾಳೆ ರೈಲು ಹೊರಡುತ್ತದೆ, ಇಂದು ಗಾಳಿ ಜೋರಾಗಿದೆ. ಅಂತಹ ಸಮಯದಲ್ಲಿ ಮನಸ್ಸು ಗಾಳಿಯನ್ನು ಇದ್ದುದಕ್ಕಿಂತ ಕಡಮೆಯೆಂದು ಅಳೆಯುತ್ತದೆ. ಎರಡು ದಿನಗಳನ್ನು ಬಿಡುವಾಗಿ ಇಟ್ಟುಕೊಳ್ಳಲಾಗದ ಊರಿನಲ್ಲಿ ಹಾರುವ ಯೋಜನೆಯನ್ನೇ ಮಾಡಬಾರದೆಂದು ನಾವು ಹೇಳುತ್ತೇವೆ.

ನಮ್ಮ ವಿದ್ಯಾರ್ಥಿಗೆ ಹಾರಬೇಡವೆಂದು ನಾವು ಬರೆಯಲಿಲ್ಲ. ಸಾಹಸವಿಲ್ಲದ ತಾರುಣ್ಯವನ್ನು ನಾವು ಬಯಸುವವರಲ್ಲ. ಪ್ರತಿಯೊಂದು ಮೈದಾನದ ಎತ್ತರ, ಆ ತಿಂಗಳ ಶಾಖ, ಗಾಳಿಯ ದಿಕ್ಕು ಮತ್ತು ವೇಗ, ಸುತ್ತಲಿನ ನೀರು, ಮರ, ತಂತಿಗಳು, ಇವನ್ನು ಒಂದು ಹಾಳೆಯಲ್ಲಿ ಬರೆದು ಕಳುಹಿಸೆಂದೂ, ಬೆಟ್ಟದ ಚಿತ್ರವನ್ನು ಆಮೇಲೆ ಕಳುಹಿಸೆಂದೂ ತಿಳಿಸಿದೆವು. ಕಾಲೇಜಿನಲ್ಲಿ ಕಲಿತ ಸೂತ್ರವು ಪರೀಕ್ಷೆಯ ಉತ್ತರಪತ್ರಿಕೆಗೆ ಮಾತ್ರ ಸಲ್ಲುವುದಾದರೆ ಅದರಿಂದೇನು ಪ್ರಯೋಜನ? ಕರಿಯ ದಿನ ನೆಲವನ್ನು ನೋಡಿ ನಿಂತವನೇ ಮರುವರ್ಷದ ಕರಿಗೂ ಬರುತ್ತಾನೆ.