ಸೀಟಿಗೆ ಎಣ್ಣಿ ಬ್ಯಾಡ, ಸಾಬೂನು ನೀರು ಸಾಕು

ಎತ್ತಿನ ಮೈ ದಿನಾ ತಿಕ್ಕುವ ರೈತ ತನ್ನ ಹಳೇ ಜೀಪಿನ ಸೀಟನ್ನು ತಿರುಗಿ ನೋಡುವುದಿಲ್ಲ. ಅದು ಸೀಳಿದ ಮ್ಯಾಲೆ ಬೆಳಗಾವಿ ಪ್ಯಾಟಿಗೆ ಹೋಗಿ, ಎರಡು ಚೀಲ ಜೋಳ ಮಾರಿದ ರೊಕ್ಕ ಕೊಟ್ಟು ಹೊಸ ರೆಕ್ಸಿನ್ ಹಾಕಿಸಿಕೊಂಡು ಬರುತ್ತಾನೆ. ಈ ಖರ್ಚಿನಲ್ಲಿ ಬಹುಪಾಲು ದಂಡ ಎಂಬುದು ನನ್ನ ವಾದ.

ನಮ್ಮ ಕಡೆ ಇನ್ನೂ ಹಳೇ ಜೀಪು, ಅಂಬಾಸಡರ್, ಮಾರುತಿ 800 ಓಡಾಡುತ್ತವೆ. ಅಂಬಾಸಡರ್ ಮತ್ತು ಮಾರುತಿ 800 ತಯಾರಾಗುವುದು 2014ರಲ್ಲೇ ನಿಂತಿತು. ಇರುವುದನ್ನೇ ಕಾಯ್ದುಕೊಳ್ಳಬೇಕು.

ಪೈಪಿನ ತಮ್ಮ

ರೆಕ್ಸಿನ್ ಎನ್ನುವುದು ಹಿಂದೆ ಇಂಗ್ಲೆಂಡಿನ ಒಂದು ಕಂಪನಿಯ ಬಟ್ಟೆಯ ಹೆಸರು. ಈಗ ನಮ್ಮ ಸೀಟಿನ ಮೇಲಿರುವುದು ವಿನೈಲ್. ಅಂದರೆ ನಮ್ಮ ಬೋರಿನ ಪಿವಿಸಿ ಪೈಪು, ಈ ಸೀಟು ಒಂದೇ ಜಾತಿ. ಪೈಪು ಬಿರುಸು. ಸೀಟಿಗೆ ಮಾತ್ರ ಎಣ್ಣೆಯಂಥ ಒಂದು ರಾಸಾಯನಿಕ ಬೆರೆಸಿ ಮೆತ್ತಗೆ ಮಾಡಿರುತ್ತಾರೆ. ಅದು ಒಳಗಿರುವ ತನಕ ಸೀಟು ಬಾಗುತ್ತದೆ, ಹೊರಗೆ ಹೋದರೆ ಸೀಳುತ್ತದೆ. ಬ್ಯಾಸಿಗ್ಯಾಗ ಮುಂದಿನ ಗಾಜಿನ ಒಳಮೈಗೆ ಜಿಡ್ಡು ಕೂಡತೈತಲ್ಲ, ಅದರಾಗ ಇದರ ಪಾಲೂ ಇರತೈತಿ.

ನಾವು ಬೆಳಗಾವಿಯ ಮೂಡಲಿನ ಎರಿಹೊಲದ ಮಂದಿ. ಇಲ್ಲಿ ಬಿಸಿಲು, ಧೂಳು ಸೀಟನ್ನು ತಿನ್ನುತ್ತವೆ. ಮಗಳನ್ನು ಖಾನಾಪುರಕ್ಕೆ ಕೊಟ್ಟೇನಿ. ಬೆಳಗಾವಿಯಿಂದ ಸುಮಾರು 25 ಕಿ.ಮೀ. ಅಷ್ಟೇ. ಆದರೆ ಅಲ್ಲಿ, ಅದರಲ್ಲೂ ಜಾಂಬೋಟಿ, ಕಣಕುಂಬಿ ಕಡೆ, ಮಳೆಗಾಲದಲ್ಲಿ ಸೀಟಿನ ಮೇಲೆ ಬೂಷ್ಟು ಹಿಡಿಯುತ್ತದೆ. ಒಂದೇ ಸೀಟಿಗೆ ಎರಡು ನಮೂನಿ ಸಾವು.

ಮಾಡುವುದು ಹೀಗೆ

ಮೊದಲು ಒಣಬಟ್ಟೆಯಿಂದ ಧೂಳು ಝಾಡಿಸಬೇಕು. ಹಾಗೇ ತಿಕ್ಕಿದರೆ ಮಣ್ಣಿನ ಕಣ ಗೀರುತ್ತವೆ. ಅರ್ಧ ಬಕೆಟ್ ಬೆಚ್ಚನೆ ನೀರಿಗೆ ಪಾತ್ರೆ ತೊಳೆಯುವ ಸಾಬೂನು ದ್ರವ ಒಂದು ಚಮಚ. ಹಳೇ ಬನೀನು ಅದ್ದಿ, ಹಿಂಡಿ ಒರೆಸಿರಿ. ಹೊಲಿಗೆ ಸಂದಿಗೆ ಹಳೇ ಹಲ್ಲಿನ ಬ್ರಷ್. ನೀರು ಸುರಿಯಬ್ಯಾಡ್ರಿ. ಸ್ಪಂಜು ನೀರು ಕುಡಿದರೆ ಕೆಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಚೊಕ್ಕ ನೀರಿನ ಬಟ್ಟೆಯಿಂದ ಎರಡು ಸಲ ಒರೆಸಿ, ನೆರಳಲ್ಲಿ ಬಾಗಿಲು ತೆರೆದು ಒಣಗಿಸಿರಿ. ತಿಂಗಳಿಗೊಮ್ಮೆ ಸಾಕು.

ಬೂಷ್ಟಿದ್ದರೆ ಗಾಡಿ ಅಂಗಳಕ್ಕೆ ತಂದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೀಗೇ ತೊಳೆದು, ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಹಚ್ಚಿರಿ. ಕಾಲು ತಾಸು ಬಿಟ್ಟು ಒರೆಸಬೇಕು. ಗುಲಾಬಿ ಕಲೆ ಒಳಗಿಳಿದಿದ್ದರೆ ಹೋಗುವುದು ಕಷ್ಟ.

ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಮುಟ್ಟಿಸಬ್ಯಾಡ್ರಿ. ಅವತ್ತು ಹೊಳೀತೈತಿ, ಆದರೆ ಮೆತ್ತಗಿಡುವ ಅಂಶವನ್ನೇ ಅವು ಎಳೆದುಕೊಂಡು ಹೋಗುತ್ತವೆ. ಕೊಬ್ಬರಿ ಎಣ್ಣಿ ಹಚ್ಚುವವರು ಬಹಳ. ಇದು ಚರ್ಮ ಅಲ್ಲ, ಎಣ್ಣಿ ಕುಡಿಯುವುದಿಲ್ಲ. ಮೇಲೆ ಕೂತು ಧೂಳು ಹಿಡಿಯುತ್ತದೆ. ಬಿಸಿಲಿಗೆ ನಿಲ್ಲಿಸಲೇಬೇಕಾದರೆ ಸೀಟಿನ ಮೇಲೆ ಹಳೇ ಕೌದಿ ಹೊದಿಸಿರಿ. ಸಣ್ಣ ಸೀಳನ್ನು ದಬ್ಬಳದಿಂದ ಹೊಲಿದರೆ ತೂತಿನ ಗುಂಟ ಮತ್ತೆ ಹರಿಯುತ್ತದೆ. ಒಳಗೆ ಬಟ್ಟೆ ತುಂಡು ಇಟ್ಟು, ವಿನೈಲ್ ಗೋಂದಿನಿಂದ ಅಂಟಿಸಿರಿ.

‘ಹಳೇದರ ಮ್ಯಾಲೇ ಹೊಸ ಕವರ್ ಹಾಕ್ತೀನ್ರಿ’ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಖಾನಾಪುರದ ಮಳೆಗೆ ಅದು ತಕ್ಕುದಲ್ಲ. ಎರಡರ ನಡುವೆ ಹಸಿ ಸಿಕ್ಕಿ, ಕಣ್ಣಿಗೆ ಬೀಳದಂತೆ ಬೂಷ್ಟು ಬೆಳೆಯುತ್ತದೆ.

ಇದು ಬರೀ ಚಂದದ ಮಾತಲ್ಲ

ಹತ್ತಿಗೆ ಔಷಧ ಹೊಡೆದು ಅದೇ ಅಂಗಿಯಲ್ಲಿ ಸೀಟಿನ ಮೇಲೆ ಕೂಡುತ್ತೇವೆ. ವಿಷದ ಡಬ್ಬಿಯನ್ನು ಹಿಂದಿನ ಸೀಟಿನಲ್ಲಿ ತರುತ್ತೇವೆ. ಮರುದಿನ ಅಲ್ಲೇ ಮೊಮ್ಮಗ ಕೂತು, ಸೀಟು ಮುಟ್ಟಿದ ಕೈಯಲ್ಲೇ ಚುರಮುರಿ ತಿನ್ನುತ್ತಾನೆ. ಬಸುರಿ ಮಗಳನ್ನು ದವಾಖಾನೆಗೆ ಒಯ್ಯುವುದೂ ಅದೇ ಸೀಟಿನ ಮೇಲೆ. ಡಬ್ಬಿ ಜನ ಕೂಡುವ ಜಾಗಕ್ಕೆ ಬರಲೇಬಾರದು. ಔಷಧ ಹೊಡೆದ ದಿನ ಮೈ ತೊಳೆದು, ಅಂಗಿ ಬದಲಿಸಿ ಗಾಡಿ ಹತ್ತಿರಿ. ಸೀಟು ಒರೆಸಿದ ನೀರನ್ನು ಬಾವಿ, ದನದ ತೊಟ್ಟಿಯಿಂದ ದೂರ ಚೆಲ್ಲಿರಿ.

ಒಂದು ಚಮಚ ಸಾಬೂನು, ಅರ್ಧ ತಾಸು ದುಡಿಮೆ. ಇದಕ್ಕಿಂತ ಸೋವಿಯ ಉಪಾಯ ಮಾಡಿ ನೋಡಿದವರಿದ್ದರೆ ಬರೀರಿ, ನಾನೂ ಕಲೀತೀನಿ.