ತಂತಿ ಎತ್ತರವಾಗಿದ್ದರೆ ಬೆರಳನ್ನು ಬೈಯಬೇಡಿ

ದೀಪಾವಳಿಗೆ ಮುಂಚೆ ಮನೆಗೆ ಬಣ್ಣ ಹೊಡೆಸುವಾಗ ಅಟ್ಟದಿಂದ ಇಳಿದ ಸಾಮಾನಿನಲ್ಲಿ ಒಂದು ಉದ್ದನೆ ಕಪ್ಪು ಚೀಲ ಇತ್ತು. ಮಗನ ಬೇಸ್ ಗಿಟಾರ್. 2014ರಲ್ಲಿ ಅವನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಕೊಡಿಸಿದ್ದು. ಕಾಲೇಜಿನ ಬ್ಯಾಂಡಿನಲ್ಲಿ ಗಿಟಾರಿನವರು ಮೂರು ಜನ ಇದ್ದರಂತೆ, ಬೇಸ್ ನುಡಿಸುವವರು ಒಬ್ಬರೂ ಇರಲಿಲ್ಲವಂತೆ. ಆರು ತಂತಿಯ ಬದಲು ನಾಲ್ಕೇ ತಂತಿ, ಬೇಗ ಬರುತ್ತದೆ ಅಂತ ನಾನೂ ಲೆಕ್ಕ ಹಾಕಿದ್ದೆ. ಬ್ಯಾಂಕಿನವನ ಲೆಕ್ಕ!

ನಾಲ್ಕೇ ತಿಂಗಳಿಗೆ ಬಿಟ್ಟ. ಬೆರಳ ತುದಿಯಲ್ಲಿ ಬೊಬ್ಬೆ, ಮಣಿಕಟ್ಟಿನಲ್ಲಿ ನೋವು. "ಅಪ್ಪಾ, ನನ್ನ ಬೆರಳು ಇದಕ್ಕ ಆಗಂಗಿಲ್ಲ ಬಿಡ್ರಿ" ಅಂದ. ನಾನು ಸುಮ್ಮನಿರಬಹುದಿತ್ತು, ಇರಲಿಲ್ಲ. ಕಷ್ಟಪಡೋದು ನಿಮ್ಮ ಪೀಳಿಗೆಗೆ ಗೊತ್ತೇ ಇಲ್ಲ ಅಂತ ಊಟದ ಹೊತ್ತಿನಲ್ಲಿ ಒಂದು ದೊಡ್ಡ ಭಾಷಣ ಬಿಗಿದೆ. ಅವನು ತಲೆ ತಗ್ಗಿಸಿ ಊಟ ಮುಗಿಸಿ ಎದ್ದು ಹೋದ. ಈಗ ಪುಣೆಯಲ್ಲಿದ್ದಾನೆ.

ಬಣ್ಣದ ಕೆಲಸ ನಡೆಯುತ್ತಿದ್ದಾಗ ಪಕ್ಕದ ಫ್ಲಾಟಿನ ಹುಡುಗ ಬಂದ. ಗಿಟಾರ್ ಬಲ್ಲವನು. ಚೀಲ ಬಿಚ್ಚಿ ಎರಡು ನಿಮಿಷ ನುಡಿಸಿ, ಕೈ ಜಾಡಿಸಿಕೊಂಡು, "ಅಂಕುಲ್, ಆಕ್ಷನ್ ಚಾಲಾ ಎತ್ತುಗಾ ಉಂದಿ" ಅಂದ. ಆಕ್ಷನ್ ಅಂದರೆ ಫ್ರೆಟ್ಟಿನ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ಅನ್ನುವ ಅಳತೆ. ಎತ್ತರ ಹೆಚ್ಚಾದಷ್ಟೂ ಒತ್ತಲು ಹೆಚ್ಚು ಬಲ ಬೇಕು. ಬೇಸಿನ ತಂತಿ ಮೊದಲೇ ದಪ್ಪ.

ಅವನು ಹೋದ ಮೇಲೆ ಸ್ಟೀಲ್ ಸ್ಕೇಲ್ ತಂದು ಅಳೆದೆ. ಹದಿನೇಳನೇ ಫ್ರೆಟ್ಟಿನ ಮೇಲೆ ದಪ್ಪ ತಂತಿಯ ಎತ್ತರ ನಾಲ್ಕೂವರೆ ಮಿಲಿಮೀಟರ್. ಫೆಂಡರ್ ಕಂಪನಿ ತನ್ನ ಬೇಸ್‌ಗಳಿಗೆ ಹೇಳುವ ಅಳತೆ ಸುಮಾರು 2.4. ಹೆಚ್ಚೂ ಕಡಿಮೆ ಎರಡರಷ್ಟು! ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ ಅಂದರೆ ನೀವು ನಗಬಹುದು.

ನಮ್ಮ ಕಡೆ ಜವಾರಿ ಅಂದರೆ ನಾಟಿ. ಜವಾರಿ ಬದನೆಕಾಯಿ, ಜವಾರಿ ಕೋಳಿ. ತಂಬೂರಿಯವರ ಜವಾರಿ ಬೇರೆ. ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ನೂಲಿನ ಎಳೆ ಸಿಕ್ಕಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ, ನಾದ ತೆರೆದುಕೊಳ್ಳುವ ಜಾಗ ಹುಡುಕುವುದು. ಮೀರಜಿನಲ್ಲಿ ತಂಬೂರಿ ಮಾಡುವವರು ಕುದುರೆಯ ಮೇಲ್ಮೈಯನ್ನೇ ಅದಕ್ಕಾಗಿ ಉಜ್ಜಿ ಉಜ್ಜಿ ಹದ ಮಾಡಿ ಕೊಡುತ್ತಾರೆ. (ಅಂದ ಹಾಗೆ, ಮೀರಜಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿತು.) ಗಾಯಕರು ಹಾಡುವ ಮುಂಚೆ ಹತ್ತು ನಿಮಿಷ ಆ ಎಳೆಯ ಜೊತೆ ಗುದ್ದಾಡಿದರೆ ನಾವು ಯಾರೂ ಅವರನ್ನು ಸೋಮಾರಿ ಅನ್ನುವುದಿಲ್ಲ. ಅದೇ ನಮ್ಮ ಹುಡುಗ ಗಿಟಾರ್ ಕೈಗೆ ಕೂರುತ್ತಿಲ್ಲ ಅಂದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆ ತೆಗೆಯುತ್ತೇವೆ. ಒಮ್ಮೊಮ್ಮೆ ನೆಲ ನಿಜಕ್ಕೂ ಡೊಂಕಾಗಿರುತ್ತದೆ ಸ್ವಾಮಿ.

ಇಲ್ಲಿ ನೆಲ ಅಂದರೆ ನೆಕ್. ನಾಲ್ಕು ತಂತಿ ಸೇರಿ ಎಪ್ಪತ್ತು ಎಂಬತ್ತು ಕೆಜಿ ಎಳೆತ, ಹಗಲೂ ರಾತ್ರಿ. ಮರ ಬಿಲ್ಲಿನಂತೆ ಬಾಗದೆ ಏನು ಮಾಡೀತು? ಅದನ್ನು ತಡೆಯಲು ನೆಕ್ಕಿನ ಒಳಗೆ ಒಂದು ಕಬ್ಬಿಣದ ಸರಳು, ಅದರ ಹೆಸರು ಟ್ರಸ್ ರಾಡ್. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಅನ್ನುವವರಿಗೆ 1923ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಹಾಗಂತ ನೆಕ್ ಪೂರ್ತಿ ನೆಟ್ಟಗಿರಲೂಬಾರದು. ಮೀಟಿದ ತಂತಿ ನಡುವಿನಲ್ಲಿ ಅಗಲವಾಗಿ ಅದುರುತ್ತದೆ, ಅದಕ್ಕೆ ಸ್ವಲ್ಪ ಜಾಗ ಬೇಕು. ಆ ಚೂರು ಬಾಗಿಗೆ ರಿಲೀಫ್ ಅನ್ನುತ್ತಾರೆ.

ಅಳೆಯುವುದು ಬಹಳ ಸುಲಭ. ತಂತಿಯನ್ನು ಮೊದಲು ಶ್ರುತಿಗೆ ತನ್ನಿ. ಒಂದನೇ ಫ್ರೆಟ್ಟಿನಲ್ಲೂ ನೆಕ್ ದೇಹಕ್ಕೆ ಸೇರುವ ಕಡೆಯ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಈಗ ತಂತಿಯೇ ನಿಮ್ಮ ಅಳತೆಗೋಲು. ಎಂಟನೇ ಫ್ರೆಟ್ಟಿನ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ 0.3 ಮಿಲಿಮೀಟರ್ ಆಸುಪಾಸು ಸಂದು ಇರಬೇಕು. ಪ್ರಿಂಟರಿಗೆ ಹಾಕುವ ಎ4 ಹಾಳೆ ಮೂರು ಸೇರಿದರೆ ಅಷ್ಟೇ ದಪ್ಪ. ನಮ್ಮದರಲ್ಲಿ ನನ್ನ ಡೆಬಿಟ್ ಕಾರ್ಡೇ ಆರಾಮಾಗಿ ತೂರಿತು. ಕಾರ್ಡಿನ ದಪ್ಪ 0.76 ಮಿಲಿಮೀಟರ್, ಜಗತ್ತಿನ ಯಾವ ಬ್ಯಾಂಕಿನದಾದರೂ ಅಷ್ಟೇ. ಮೂವತ್ತು ವರ್ಷದ ಸರ್ವೀಸಿನಲ್ಲಿ ಈ ಮಾಹಿತಿ ಮೊದಲ ಸಲ ಉಪಯೋಗಕ್ಕೆ ಬಂತು :-)

ಮರುದಿನ ರಾಣಿಗಂಜ್‌ಗೆ ಹೋಗಿ ಫೀಲರ್ ಗೇಜ್, ಅಲನ್ ಕೀ ಸೆಟ್ ತಂದೆ. ಬಜಾಜ್ ಚೇತಕ್ ಓಡಿಸಿದವರಿಗೆ ಫೀಲರ್ ಗೇಜ್ ಗೊತ್ತಿರುತ್ತದೆ, ಪಾಯಿಂಟ್ ಸೆಟ್ಟಿಂಗಿಗೆ ಮೆಕ್ಯಾನಿಕ್ ಬಳಸುತ್ತಿದ್ದದ್ದು ಅದನ್ನೇ. ನಟ್ಟನ್ನು ಬಲಕ್ಕೆ ತಿರುಗಿಸಿದರೆ ನೆಕ್ ನೆಟ್ಟಗಾಗುತ್ತದೆ, ಎಡಕ್ಕೆ ತಿರುಗಿಸಿದರೆ ಬಾಗು ಹೆಚ್ಚುತ್ತದೆ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ. ಮತ್ತೆ ಶ್ರುತಿ ಮಾಡಿ, ಅಳೆದು, ಒಂದು ರಾತ್ರಿ ಬಿಡಬೇಕು. ಮರಕ್ಕೆ ನಮ್ಮ ಅವಸರ ಗೊತ್ತಿಲ್ಲ. ಬಿಗಿಯಾಗಿ ನಿಂತು ತಿರುಗಲೇ ಒಲ್ಲೆ ಅಂದರೆ ಬಲ ಹಾಕದೆ ಬಲ್ಲವರ ಹತ್ತಿರ ಒಯ್ಯುವುದೇ ಸರಿ. ಸರಳು ತುಂಡಾದರೆ ನೆಕ್ ಹೋದ ಹಾಗೇ. ನನಗೆ ಮೂರು ದಿನ ಹಿಡಿಯಿತು.

ಸಂದು 0.3ಕ್ಕೆ ಬಂದಾಗ ಹದಿನೇಳನೇ ಫ್ರೆಟ್ಟಿನ ಎತ್ತರ ನಾಲ್ಕರ ಹತ್ತಿರ ಬಂದಿತ್ತು, ಅಷ್ಟೇ. ಇಲ್ಲೇ ಬಹಳ ಜನ ಎಡವುವುದು. ಎತ್ತರ ಇನ್ನೂ ಇದೆ ಅಂತ ಟ್ರಸ್ ರಾಡನ್ನೇ ಮತ್ತೆ ಮತ್ತೆ ಬಿಗಿಯುತ್ತಾರೆ, ನೆಕ್ ಹಿಂದಕ್ಕೆ ಬಾಗಿ ಮೊದಲ ನಾಲ್ಕೈದು ಫ್ರೆಟ್ಟುಗಳಲ್ಲಿ ತಂತಿ ಗೊರಗೊರ ಅನ್ನುತ್ತದೆ. ಬಾಗಿನ ಖಾತೆ ಬೇರೆ, ಎತ್ತರದ ಖಾತೆ ಬೇರೆ. ಉಳಿದ ಎತ್ತರವನ್ನು ಇಳಿಸಬೇಕಾದ್ದು ಬ್ರಿಜ್ಜಿನ ಸ್ಯಾಡಲ್‌ಗಳಲ್ಲಿ. ಸ್ಯಾಡಲ್ ಎರಡೂವರೆ ಮಿಲಿಮೀಟರ್ ಇಳಿಸಿದರೆ ಹದಿನೇಳನೇ ಫ್ರೆಟ್ಟಿನಲ್ಲಿ ಸುಮಾರು ಒಂದೂವರೆ ಇಳಿಯುತ್ತದೆ, ಬಿ.ಕಾಂ. ಗಣಿತಕ್ಕೂ ಎಟುಕುವ ತ್ರೈರಾಶಿ. ಆಸೆಬುರುಕತನದಿಂದ ನಾನು 1.8ರ ತನಕ ಇಳಿಸಿದೆ. ಮೇಲಿನ ಫ್ರೆಟ್ಟುಗಳೆಲ್ಲ ಕಿರಿಗುಟ್ಟಿದವು. ಮತ್ತೆ 2.4ಕ್ಕೆ ಏರಿಸಿದೆ. ಜೋರಾಗಿ ಮೀಟುವವರಿಗೆ ಅದೂ ಸಾಲದೆ ಇರಬಹುದು. ಕಡಿಮೆ ಎತ್ತರವೇ ಶ್ರೇಷ್ಠ ಅಂತಲೂ ನಾನು ಹೇಳುತ್ತಿಲ್ಲ.

ಈಗ ನನ್ನ ಜಗಳಕ್ಕೆ ಬರುತ್ತೇನೆ. ಇಷ್ಟು ಸಣ್ಣ ಕೆಲಸವನ್ನು ಮಾರುವಾಗಲೇ ಯಾಕೆ ಮಾಡಿ ಕೊಡುವುದಿಲ್ಲ? ವಾದ್ಯದಂಗಡಿಯ ಒಬ್ಬರನ್ನು ಕೇಳಿದೆ. "ಸಾರ್, ಎತ್ತರ ಇಟ್ಟರೆ ಗೊರಗೊರ ಬರಲ್ಲ, ಕಂಪ್ಲೇಂಟೂ ಬರಲ್ಲ. ಸೆಟಪ್ ಬೇಕಂದ್ರೆ ಚಾರ್ಜ್ ಬೇರೆ" ಅಂದರು. ಮಾತು ಪ್ರಾಮಾಣಿಕವಾಗಿತ್ತು. ಗೊರಗೊರ ಅಂದರೆ ಗಿರಾಕಿ ವಾದ್ಯವನ್ನು ಬೈಯುತ್ತಾನೆ, ಬೆರಳು ನೋಯ್ದರೆ ತನ್ನನ್ನೇ ಬೈದುಕೊಳ್ಳುತ್ತಾನೆ. ಅಂಗಡಿಗೆ ಎರಡನೆಯದೇ ಲಾಭ. ಸೈಕಲ್ ಮಾರುವವನು ಮಗುವಿನ ಕಾಲಿಗೆ ತಕ್ಕ ಹಾಗೆ ಸೀಟು ಇಳಿಸಿ ಕೊಡುತ್ತಾನೆ, ಅದಕ್ಕೆ ಬೇರೆ ಚಾರ್ಜ್ ಕೇಳುವುದಿಲ್ಲ. ಇದೂ ಅಷ್ಟೇ ಆಗಬೇಕು ಅನ್ನುವುದು ನನ್ನ ವಾದ.

ಕಾಚಿಗುಡದ ಸಾಹಿತ್ಯ ಮಂದಿರದ ಕಡೆ ಸಿಗುವ ನಮ್ಮವರು ಮಗಳಿಗೆ ಗಿಟಾರ್ ಕೊಡಿಸಬೇಕು, ಯಾವುದು ಒಳ್ಳೇದು ಅಂತ ಕೇಳುತ್ತಾರೆ. ಕಂಪನಿ ಯಾವುದಾದರೂ ಇರಲಿ, ಅಂಗಡಿಗೆ ಒಂದು ಸ್ಕೇಲ್ ಒಯ್ಯಿರಿ, ಹಣ ಎಣಿಸುವ ಮುಂಚೆ ಅವರ ಕೈಯಲ್ಲೇ ಇಳಿಸಿಕೊಳ್ಳಿ ಅಂತ ಹೇಳುತ್ತೇನೆ. ನಮ್ಮ ಹೈದರಾಬಾದಿನ ಹವೆಗೆ ಇದು ಒಮ್ಮೆ ಮಾಡಿ ಮುಗಿಯುವ ಕೆಲಸವೂ ಅಲ್ಲ. ಮೇ ತಿಂಗಳ ಒಣ ಬಿಸಿಲಿಗೆ ಮರ ಒಣಗಿ ಸಾಮಾನ್ಯವಾಗಿ ಬಾಗು ಕಡಿಮೆಯಾಗುತ್ತದೆ, ಜುಲೈ ಮಳೆಗೆ ತೇವ ಕುಡಿದು ಮತ್ತೆ ಹೆಚ್ಚುತ್ತದೆ. ವರ್ಷಕ್ಕೆ ಎರಡು ಸಲವಾದರೂ ನೋಡಬೇಕು.

ಮಗನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಾಲ್ಕೂವರೆ ಇತ್ತಪಾ, ನಿನ್ನ ಬೆರಳಿಂದೇನೂ ತಪ್ಪಿರಲಿಲ್ಲ, ಅವತ್ತು ನಾನು ಹಂಗ ಅನ್ನಬಾರದಿತ್ತು ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹೌದೇನ್ರಿ... ಯುಗಾದಿಗೆ ಬಂದಾಗ ನೋಡತೀನಿ. ಹಳೇ ತಂತಿ ತುಕ್ಕು ಹಿಡಿದಿರತಾವ, ಹೊಸವು ಹಾಕಿಸಿ ಇಡ್ರಿ" ಅಂದ.

ಮೊನ್ನೆ ಹಾಕಿದೆ. ಹೊಸ ತಂತಿಗಳು ಹಳೆಯವಕ್ಕಿಂತ ಸ್ವಲ್ಪ ದಪ್ಪ, ಎಳೆತ ಹೆಚ್ಚು. ಸಂದು ಮತ್ತೆ 0.4ಕ್ಕೆ ಬಂದಿದೆ. ಈ ಭಾನುವಾರ ಇನ್ನೊಂದು ಕಾಲು ಸುತ್ತು ತಿರುಗಿಸಬೇಕು.